ಕಿಡ್ನಿ ಕಲ್ಲು ಮತ್ತೆ ಬರದಂತೆ ನೀರು, ಉಪ್ಪು, ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕಿಡ್ನಿಯಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್ ವರದಿ ಬಂದ ದಿನವೇ ಹೆಚ್ಚಿನ ಮನೆಗಳಲ್ಲಿ ಟೊಮೆಟೊ ನಿಲ್ಲುತ್ತದೆ. ಆಮೇಲೆ ಹಾಲು, ಮೊಸರು, ಸೊಪ್ಪು, ಕೆಲವೊಮ್ಮೆ ರಾಗಿಯೂ ನಿಲ್ಲುತ್ತವೆ. ಉಪ್ಪಿನಕಾಯಿ, ಹಪ್ಪಳ, ಖಾರದ ಮಿಕ್ಸ್ಚರ್ ಮುಂದುವರಿಯುತ್ತವೆ. ಕುಡಿಯುವ ನೀರಿನ ಅಳತೆ ನಾಲ್ಕು ದಿನ ಹೆಚ್ಚಾಗಿ ಮತ್ತೆ ಮೊದಲಿನ ಮಟ್ಟಕ್ಕೇ ಬರುತ್ತದೆ. ಬಿಡಬೇಕಾದದ್ದನ್ನು ಉಳಿಸಿಕೊಂಡು, ಉಳಿಸಿಕೊಳ್ಳಬೇಕಾದದ್ದನ್ನು ಬಿಡುವ ಈ ಪಥ್ಯದಿಂದ ಎಷ್ಟೋ ಜನರಿಗೆ ಕಲ್ಲು ಮರುಕಳಿಸುತ್ತದೆ. ಅದರಿಂದಾಗಿಯೇ ಇಲ್ಲಿನ ಕೆಲವು ಉತ್ತರಗಳು ತುಸು ದೀರ್ಘವಾಗಿವೆ.

ಕಲ್ಲು ಹುಟ್ಟುವುದು ಹೇಗೆ?

ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್ (ಕೆಲವು ಸೊಪ್ಪು, ತರಕಾರಿಗಳಲ್ಲಿ ಹೆಚ್ಚಾಗಿರುವ ವಸ್ತು), ಯೂರಿಕ್ ಆಮ್ಲ, ಫಾಸ್ಫೇಟ್ ಮುಂತಾದವು ಕರಗಿದ ಸ್ಥಿತಿಯಲ್ಲಿರುತ್ತವೆ. ನೀರು ಕಡಿಮೆಯಾಗಿ ಇವುಗಳ ಸಾಂದ್ರತೆ ಮಿತಿ ಮೀರಿದರೆ, ಗಟ್ಟಿ ಪಾಕದಲ್ಲಿ ಸಕ್ಕರೆ ಹರಳುಗಟ್ಟುವಂತೆ ಇವೂ ಹರಳುಗಟ್ಟುತ್ತವೆ. ಹರಳುಗಳು ಒಂದಕ್ಕೊಂದು ಅಂಟಿ ಬೆಳೆದರೆ ಕಲ್ಲು. ಹೀಗೆ ಅಂಟುವುದನ್ನು ತಡೆಯುವ ವಸ್ತುಗಳೂ ಮೂತ್ರದಲ್ಲಿವೆ. ಅವುಗಳಲ್ಲಿ ಮುಖ್ಯವಾದದ್ದು ಸಿಟ್ರೇಟ್.

ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು. ಯೂರಿಕ್ ಆಮ್ಲದ ಕಲ್ಲು, ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲು, ಮೂತ್ರನಾಳದ ಸೋಂಕಿನಿಂದ ಆಗುವ ಸ್ಟ್ರುವೈಟ್ ಕಲ್ಲು, ವಂಶವಾಹಿ ದೋಷದಿಂದ ಆಗುವ ಸಿಸ್ಟೀನ್ ಕಲ್ಲು ಉಳಿದ ಬಗೆಗಳು. ಈ ಪುಟದ ಊಟದ ಸಲಹೆಗಳು ಮುಖ್ಯವಾಗಿ ಕ್ಯಾಲ್ಸಿಯಂ ಆಕ್ಸಲೇಟ್ ಮತ್ತು ಯೂರಿಕ್ ಆಮ್ಲದ ಕಲ್ಲುಗಳಿಗೆ ಸಂಬಂಧಿಸಿದವು. ನೀರಿನ ಸಲಹೆ ಎಲ್ಲಕ್ಕೂ ಅನ್ವಯಿಸುತ್ತದೆ.

ಒಮ್ಮೆ ಬಂದು ಹೋದ ಕಲ್ಲು ಮತ್ತೆ ಬರುತ್ತದೆಯೇ?

ಏನೂ ಬದಲಾವಣೆ ಮಾಡಿಕೊಳ್ಳದಿದ್ದರೆ, ಕಲ್ಲು ಬಂದವರಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ 10 ವರ್ಷಗಳೊಳಗೆ ಮತ್ತೆ ಬರುತ್ತದೆ. ಲೇಸರ್‌ನಿಂದ ಪುಡಿ ಮಾಡಿಸಿಕೊಂಡವರಿಗೂ ಇದೇ ಲೆಕ್ಕ. ಚಿಕಿತ್ಸೆ ಆಗಲೇ ಆಗಿರುವ ಕಲ್ಲನ್ನು ತೆಗೆಯುತ್ತದೆ. ಕಲ್ಲು ಆಗುವ ಕಾರಣ ಅಲ್ಲಿಯೇ ಉಳಿದಿರುತ್ತದೆ.

ದಿನಕ್ಕೆ ಎಷ್ಟು ನೀರು ಕುಡಿಯಬೇಕು?

ಎಷ್ಟು ಕುಡಿದಿರಿ ಎನ್ನುವುದಕ್ಕಿಂತ ಎಷ್ಟು ಮೂತ್ರ ಹೋಯಿತು ಎನ್ನುವುದೇ ಸರಿಯಾದ ಅಳತೆ. ಕಲ್ಲು ಬಂದವರಿಗೆ ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರ ಹೋಗಬೇಕು ಎಂದು ಮೂತ್ರರೋಗ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ನೆರಳಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದಕ್ಕೆ ಸುಮಾರು ಮೂರು ಲೀಟರ್ ದ್ರವ ಸಾಕಾಗಬಹುದು. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ಇರುವವರು ಮೂರು ಲೀಟರ್ ಕುಡಿದರೂ ಬಹುಪಾಲು ಬೆವರಿನಲ್ಲೇ ಹೋಗುತ್ತದೆ. ಅವರಿಗೆ ನಾಲ್ಕೈದು ಲೀಟರ್ ಬೇಕಾಗಬಹುದು. ಹಾಗಾಗಿ ಎಲ್ಲರಿಗೂ ಒಂದೇ ಸಂಖ್ಯೆ ಹೇಳುವುದು ಸರಿಯಲ್ಲ.

ರಜೆಯ ದಿನ ಮನೆಯಲ್ಲಿದ್ದಾಗ ಒಮ್ಮೆ ಅಳೆದು ನೋಡಿ. ಬೆಳಿಗ್ಗೆ ಎದ್ದ ತಕ್ಷಣ ಹೋಗುವ ಮೂತ್ರವನ್ನು ಬಿಟ್ಟುಬಿಡಿ. ಆನಂತರದ್ದೆಲ್ಲವನ್ನೂ, ಮರುದಿನ ಬೆಳಗಿನ ಮೊದಲ ಮೂತ್ರವೂ ಸೇರಿದಂತೆ, ಲೀಟರ್ ಗುರುತಿರುವ ಪಾತ್ರೆಯಲ್ಲಿ ಹಿಡಿದು ನೋಡಿ. ತಾವು ಸಾಕಷ್ಟು ನೀರು ಕುಡಿಯುತ್ತೇವೆ ಎಂದು ನಂಬಿದ್ದವರಿಗೆ ಒಂದೂಕಾಲು ಲೀಟರ್ ಮಾತ್ರ ಕಾಣಿಸಿದರೆ ಆಶ್ಚರ್ಯವಿಲ್ಲ. ದಿನನಿತ್ಯದ ಗುರುತಿಗೆ ಬಣ್ಣ ಸಾಕು: ಒಣಹುಲ್ಲಿನಂಥ ತೆಳು ಹಳದಿ ಬಣ್ಣ ಅಥವಾ ಅದಕ್ಕಿಂತ ತಿಳಿ ಇರಬೇಕು. ಬಿ ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಳ್ಳುವವರ ಮೂತ್ರ ಹೇಗೂ ಗಾಢ ಹಳದಿಯಾಗುವುದರಿಂದ ಅವರಿಗೆ ಈ ಗುರುತು ಕೆಲಸಕ್ಕೆ ಬಾರದು.

ನೀರಿನಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಕೇಳುವವರಿಗೆ: 1996ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಮೊದಲ ಸಲ ಕಲ್ಲು ಬಂದ 199 ಜನರನ್ನು ಎರಡು ಗುಂಪು ಮಾಡಿ 5 ವರ್ಷ ಗಮನಿಸಲಾಯಿತು. ಹೆಚ್ಚು ನೀರು ಕುಡಿದ ಗುಂಪಿನಲ್ಲಿ ಸುಮಾರು 12 ಶೇಕಡಾ ಜನರಿಗೆ ಕಲ್ಲು ಮರುಕಳಿಸಿತು, ಇನ್ನೊಂದು ಗುಂಪಿನಲ್ಲಿ ಸುಮಾರು 27 ಶೇಕಡಾ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಇನ್ನೊಂದು ಉಪಾಯ ಈ ಕಾಯಿಲೆಗೆ ಇಲ್ಲ.

ಬೆಳಿಗ್ಗೆ ಎದ್ದು ಒಂದೇ ಸಲ ಎರಡು ಲೀಟರ್ ಕುಡಿದುಬಿಟ್ಟರೆ ಆಗದೇ?

ಆಗುವುದಿಲ್ಲ. ಒಂದೆರಡು ಗಂಟೆಯಲ್ಲಿ ಅದು ಹೊರಹೋಗಿ, ಮಧ್ಯಾಹ್ನದ ಹೊತ್ತಿಗೆ ಮೂತ್ರ ಮತ್ತೆ ಗಟ್ಟಿಯಾಗಿರುತ್ತದೆ. ತೀರಾ ಕಡಿಮೆ ಸಮಯದಲ್ಲಿ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವೂ ಆಗಬಹುದು. ಎಚ್ಚರವಿರುವಷ್ಟು ಹೊತ್ತು ಗಂಟೆಗೊಂದು ಲೋಟ, ಪ್ರತಿ ಊಟದ ನಂತರ ಒಂದು ಲೋಟ ಎಂದು ಹಂಚಿಕೊಳ್ಳಿ.

ರಾತ್ರಿಯನ್ನು ಮರೆಯಬೇಡಿ. ಮೂತ್ರ ಅತಿ ಗಟ್ಟಿಯಾಗುವುದು ನಿದ್ರೆಯ ಹೊತ್ತಿನಲ್ಲಿ. ಮಲಗುವ ಮುಂಚೆ ಒಂದು ಲೋಟ, ನಡುವೆ ಎದ್ದು ಮೂತ್ರಕ್ಕೆ ಹೋಗಿ ಬಂದರೆ ಅರ್ಧ ಲೋಟ ಕುಡಿಯುವುದು ಒಳ್ಳೆಯದು. ಆದರೆ ರಾತ್ರಿ ಎದ್ದು ನಡೆಯುವಾಗ ಬೀಳುವ ಭಯವಿರುವ ಹಿರಿಯರು ಹಗಲಿನಲ್ಲೇ ಹೆಚ್ಚು ಕುಡಿಯುವ ವ್ಯವಸ್ಥೆ ಮಾಡಿಕೊಳ್ಳಲಿ.

ಕೆಲಸದ ಜಾಗದಲ್ಲಿ ಶೌಚಾಲಯ ಸರಿಯಿಲ್ಲ. ನೀರು ಕುಡಿದರೆ ಕಷ್ಟ. ಏನು ಮಾಡಲಿ?

ಇದನ್ನು ಕೇಳುವವರಲ್ಲಿ ಹೆಚ್ಚಿನವರು ಹೆಂಗಸರು: ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರು, ಹಳ್ಳಿ ಶಾಲೆಯ ಶಿಕ್ಷಕಿಯರು, ಬಸ್ ನಿರ್ವಾಹಕಿಯರು, ಸಂತೆಯಲ್ಲಿ ತರಕಾರಿ ಮಾರುವವರು, ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆಯರು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅರ್ಧ ಬಾಟಲಿ ನೀರಿನಲ್ಲಿ ದಿನ ದೂಡುತ್ತಾರೆ. ಅವರಿಗೆ "ಹೆಚ್ಚು ನೀರು ಕುಡಿಯಿರಿ" ಎಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸುವುದು ಸಲಹೆಯೇ ಅಲ್ಲ ಎಂದು ನಾನು ಭಾವಿಸುತ್ತೇನೆ. ಸ್ವಚ್ಛ ಶೌಚಾಲಯ, ಅಲ್ಲಿಗೆ ಹೋಗಿ ಬರಲು ಬಿಡುವು, ಇವೆರಡೂ ಈ ಕಾಯಿಲೆಯ ತಡೆಗಟ್ಟುವಿಕೆಯ ಭಾಗವೇ. ಮೇಲ್ವಿಚಾರಕರು, ಮುಖ್ಯೋಪಾಧ್ಯಾಯರು, ಪಂಚಾಯಿತಿ ಸದಸ್ಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಬೇಕು.

ವ್ಯವಸ್ಥೆ ಬದಲಾಗುವವರೆಗೆ ದಿನವನ್ನು ಮೂರು ಭಾಗ ಮಾಡಿಕೊಳ್ಳಿ. ಎದ್ದಾಗಿನಿಂದ ಮನೆ ಬಿಡುವ ಒಂದು ಗಂಟೆ ಮುಂಚಿನವರೆಗೆ ಮುಕ್ಕಾಲು ಲೀಟರ್. ಕೆಲಸದ ಜಾಗದಲ್ಲಿ ಶೌಚಾಲಯಕ್ಕೆ ಹೋಗಲು ಸಾಧ್ಯವಿರುವ ಹೊತ್ತನ್ನು ಗುರುತಿಸಿ, ಅದಕ್ಕೆ ಒಂದು ಗಂಟೆ ಮುಂಚೆ ಎರಡು ಲೋಟ. ಮನೆಗೆ ಬಂದ ಮೇಲೆ ಮಲಗುವವರೆಗೆ ಒಂದೂವರೆ ಲೀಟರ್. ಇದು ಆದರ್ಶವಲ್ಲ, ಆದರೂ ಅರ್ಧ ಬಾಟಲಿಗಿಂತ ಎಷ್ಟೋ ಮೇಲು. ಮೂತ್ರ ಬಂದಾಗ ತಡೆದುಕೊಳ್ಳುವ ಅಭ್ಯಾಸ ಸೋಂಕಿಗೂ ದಾರಿ ಮಾಡುತ್ತದೆ, ಸೋಂಕಿನಿಂದ ಇನ್ನೊಂದು ಬಗೆಯ ಕಲ್ಲು ಬರುತ್ತದೆ.

ಬೋರ್‌ವೆಲ್‌ನ ಗಡಸು ನೀರಿನಿಂದಲೇ ಕಲ್ಲು ಬರುತ್ತದಲ್ಲವೇ?

ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದವರಿಗೆ ಕಿಡ್ನಿಯಲ್ಲೂ ಹೀಗೆಯೇ ಆಗುತ್ತದೆ ಎನ್ನಿಸುವುದು ಸಹಜ. ಆದರೆ ಗಡಸು ನೀರಿಗೂ ಕಲ್ಲಿಗೂ ನೇರ ಸಂಬಂಧವಿದೆ ಎಂದು ಅಧ್ಯಯನಗಳು ಸ್ಪಷ್ಟವಾಗಿ ತೋರಿಸಿಲ್ಲ. ಪಾತ್ರೆಯ ಪೊರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಿಡ್ನಿ ಕಲ್ಲಿನ ರಚನೆಯೇ ಬೇರೆ. ಊಟದ ಜೊತೆ ಕುಡಿದ ನೀರಿನ ಕ್ಯಾಲ್ಸಿಯಂ ಕರುಳಿನಲ್ಲಿ ಆಕ್ಸಲೇಟನ್ನು ಹಿಡಿದು ಹೊರಹಾಕಲೂ ನೆರವಾಗುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅದನ್ನು ಮೀರಿದರೆ, ಅಥವಾ ಫ್ಲೋರೈಡ್ ಹೆಚ್ಚಿದ್ದರೆ, ಖಂಡಿತ ಶುದ್ಧೀಕರಿಸಿ ಕುಡಿಯಿರಿ. ಉಪ್ಪುನೀರು ರುಚಿಸದೆ ಕಡಿಮೆ ಕುಡಿಯುತ್ತಿದ್ದವರು ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಹೆಚ್ಚು ಕುಡಿದರೆ ಲಾಭ ಸಿಗುವುದು ಆ ಹೆಚ್ಚಿನ ಪ್ರಮಾಣದಿಂದ. ಯಾವ ನೀರು ಎನ್ನುವ ಚಿಂತೆಯಲ್ಲಿ ನೀರನ್ನೇ ಕಡಿಮೆ ಮಾಡಬೇಡಿ.

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ ಎಂದ ಮೇಲೆ ಹಾಲು, ಮೊಸರು ಬಿಡಬೇಕೇ?

ಬಿಡಬಾರದು. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಊಟದಲ್ಲಿರುವ ಆಕ್ಸಲೇಟ್ ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿಕೊಂಡರೆ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಹೋಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅದೇ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ, ಅಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುತ್ತದೆ. ಅಂದರೆ ಹಾಲು ಮೊಸರು ಬಿಟ್ಟವರು ಕಲ್ಲಿಗೆ ಬೇಕಾದ ಮುಖ್ಯ ಸಾಮಗ್ರಿಯನ್ನು ತಾವೇ ಕಿಡ್ನಿಗೆ ಕಳಿಸಿದಂತಾಗುತ್ತದೆ. ಮೇಲಿಂದ ಮೂಳೆಯೂ ಸವೆಯುತ್ತದೆ.

ಬಹಳ ಕಾಲ ವೈದ್ಯರೇ ಕ್ಯಾಲ್ಸಿಯಂ ಕಡಿಮೆ ಮಾಡಿ ಎನ್ನುತ್ತಿದ್ದರು. ಆ ಸಲಹೆಯನ್ನು ಬದಲಿಸಿದ್ದು 2002ರಲ್ಲಿ ಪ್ರಕಟವಾದ ಇನ್ನೊಂದು ಇಟಲಿ ಅಧ್ಯಯನ. ಪದೇ ಪದೇ ಕಲ್ಲು ಬರುತ್ತಿದ್ದ 120 ಗಂಡಸರಲ್ಲಿ ಅರ್ಧ ಜನರಿಗೆ ಕಡಿಮೆ ಕ್ಯಾಲ್ಸಿಯಂ ಊಟ, ಉಳಿದವರಿಗೆ ಸಾಮಾನ್ಯ ಪ್ರಮಾಣದ ಕ್ಯಾಲ್ಸಿಯಂ ಇರುವ, ಆದರೆ ಉಪ್ಪು ಮತ್ತು ಮಾಂಸ ಕಡಿಮೆ ಇರುವ ಊಟ. 5 ವರ್ಷಗಳಲ್ಲಿ ಮೊದಲ ಗುಂಪಿನ 23 ಜನರಿಗೆ, ಎರಡನೆಯ ಗುಂಪಿನ 12 ಜನರಿಗೆ ಕಲ್ಲು ಮರಳಿತು. ಈ ಫಲಿತಾಂಶ ಬಂದು ಎರಡು ದಶಕ ದಾಟಿದರೂ "ಹಾಲು ಬಿಡಿ" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವುದು ನನಗೆ ಬೇಸರದ ಸಂಗತಿ.

ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಗುರಿ ಇರಲಿ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ ಒಂದೊಂದು ಬಟ್ಟಲು ಮೊಸರು, ಉಳಿದದ್ದು ರಾಗಿ, ಕಾಳು, ತರಕಾರಿಯಿಂದ. ಮೊಸರು ಊಟದ ಜೊತೆಯೇ ಇರಬೇಕು. ಆಕ್ಸಲೇಟನ್ನು ಅದು ಹಿಡಿಯುವುದು ಆಗಲೇ. ಊಟದ ಕೊನೆಗೆ ಮೊಸರನ್ನ ಉಣ್ಣುವ ನಮ್ಮ ರೂಢಿ ಈ ದೃಷ್ಟಿಯಿಂದ ಬಹಳ ಸರಿಯಾದದ್ದು. ಹಾಲು ಜೀರ್ಣವಾಗದವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ.

ರಾಗಿ ಮುದ್ದೆ ತಿನ್ನಬಹುದೇ?

ತಿನ್ನಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಸ್ವಲ್ಪ ಆಕ್ಸಲೇಟ್ ಕೂಡ ಇದೆ. ಮುದ್ದೆಯ ಊಟಕ್ಕೆ ಮಜ್ಜಿಗೆ ಸೇರಿದರೆ ಚಿಂತೆಯಿಲ್ಲ. ಮೂತ್ರದಲ್ಲಿ ಆಕ್ಸಲೇಟ್ ತುಂಬಾ ಹೆಚ್ಚಿದೆ ಎಂದು ಪರೀಕ್ಷೆಯಲ್ಲಿ ಕಂಡವರು ಮೂರು ಹೊತ್ತೂ ರಾಗಿ ಎನ್ನದೆ ಅಕ್ಕಿ, ಜೋಳದ ಜೊತೆ ಬದಲಾಯಿಸಿಕೊಳ್ಳಲಿ.

ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ಮುಂದುವರಿಸಲೇ?

ಊಟದ ಕ್ಯಾಲ್ಸಿಯಂಗೂ ಮಾತ್ರೆಯ ಕ್ಯಾಲ್ಸಿಯಂಗೂ ವ್ಯತ್ಯಾಸವಿದೆ. ಬರಿ ಹೊಟ್ಟೆಯಲ್ಲಿ ಅಥವಾ ಮಲಗುವಾಗ ನುಂಗಿದ ಮಾತ್ರೆ ಆಕ್ಸಲೇಟನ್ನು ಹಿಡಿಯುವುದಿಲ್ಲ, ಮೂತ್ರದ ಕ್ಯಾಲ್ಸಿಯಂ ಮಾತ್ರ ಹೆಚ್ಚಿಸುತ್ತದೆ. ನಿಮಗೆ ಕಲ್ಲಿನ ಹಿನ್ನೆಲೆ ಇದೆ ಎಂದು ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಮುಂದುವರಿಸಲು ಹೇಳಿದರೆ ಊಟದ ಜೊತೆ ತೆಗೆದುಕೊಳ್ಳಿ. ಅಗತ್ಯವಿಲ್ಲದೆ ವಿಟಮಿನ್ ಡಿ ಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳಬೇಡಿ.

ಟೊಮೆಟೊ ಬೀಜ, ಬದನೆ ಬೀಜದಿಂದ ಕಲ್ಲಾಗುತ್ತದೆ ಎನ್ನುತ್ತಾರಲ್ಲ?

ಇಲ್ಲ. ಬೀಜ ಕರುಳಿನಲ್ಲಿ ಸಾಗಿ ಮಲದಲ್ಲಿ ಹೋಗುತ್ತದೆ. ಅದು ಕಿಡ್ನಿಗೆ ತಲುಪುವ ದಾರಿಯೇ ಇಲ್ಲ. ಟೊಮೆಟೊದಲ್ಲಿ ಆಕ್ಸಲೇಟ್ ತುಂಬಾ ಕಡಿಮೆ. ಸಾರಿಗೆ ಎರಡು ಟೊಮೆಟೊ ಹಾಕುವುದಕ್ಕೆ ಹೆದರಬೇಕಿಲ್ಲ.

ಹಾಗಾದರೆ ಯಾವ ಸೊಪ್ಪು ತರಕಾರಿಗೆ ಮಿತಿ ಬೇಕು?

ಪಾಲಕ್ ಮೊದಲನೆಯದು. 100 ಗ್ರಾಂ ಹಸಿ ಪಾಲಕ್‌ನಲ್ಲಿ 600 ಮಿಲಿಗ್ರಾಂಗೂ ಹೆಚ್ಚು ಆಕ್ಸಲೇಟ್ ಇರುತ್ತದೆ. ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಿರುವವರಿಗೆ ಇಡೀ ದಿನಕ್ಕೆ 100 ಮಿಲಿಗ್ರಾಂ ಒಳಗಿರಲಿ ಎಂದು ಹೇಳುವಾಗ, ಒಂದು ಬಟ್ಟಲು ಪಾಲಕ್ ಎಷ್ಟು ದಿನಗಳ ಪಾಲನ್ನು ತರುತ್ತದೆ ಎಂದು ಯೋಚಿಸಿ. ದಂಟು, ಹರಿವೆ, ಬಸಳೆ, ಕೆಸುವಿನ ಎಲೆ, ಬೀಟ್‌ರೂಟ್, ಗೆಣಸು, ಬಾದಾಮಿ, ಗೋಡಂಬಿ, ಎಳ್ಳು, ಚಾಕೊಲೇಟ್ ಇವೂ ಆಕ್ಸಲೇಟ್ ಹೆಚ್ಚಿರುವ ಸಾಲಿಗೆ ಸೇರುತ್ತವೆ. ದಿನವೂ ಹಸಿ ಪಾಲಕ್ ರುಬ್ಬಿ ಕುಡಿಯುವ, ಮುಷ್ಟಿ ತುಂಬ ಬಾದಾಮಿ ತಿನ್ನುವ ಹೊಸ ಆರೋಗ್ಯ ಪದ್ಧತಿಗಳು ಕಲ್ಲಿನ ಹಿನ್ನೆಲೆ ಇರುವವರಿಗೆ ಹೊಂದುವುದಿಲ್ಲ.

ಇವುಗಳನ್ನು ಪೂರ್ತಿ ಬಿಡಬೇಕೆಂದು ಅರ್ಥವಲ್ಲ. ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಕರಗುವ ಆಕ್ಸಲೇಟ್‌ನ ದೊಡ್ಡ ಪಾಲು ಹೋಗುತ್ತದೆ. ಬಸ್ಸಾರು ಮಾಡುವವರು ಇಲ್ಲಿ ಒಂದು ಮಾತು ಗಮನಿಸಬೇಕು: ದಂಟಿನ ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಆಕ್ಸಲೇಟ್ ಇಳಿದಿರುತ್ತದೆ, ಅದೇ ಸಾರಾಗುತ್ತದೆ. ಕಲ್ಲಿನ ತೊಂದರೆ ಇರುವವರಿಗೆ ಪಲ್ಯ ಬಡಿಸಿ, ಸಾರಿಗೆ ಕಾಳಿನ ಕಟ್ಟನ್ನು ಬಳಸಿ. ಕರಾವಳಿಯವರು ಆಟಿ ತಿಂಗಳಲ್ಲಿ ಮಾಡುವ ಪತ್ರೊಡೆಯನ್ನು ವರ್ಷಕ್ಕೆ ಒಂದೆರಡು ಸಲ ಮೊಸರಿನ ಜೊತೆ ತಿಂದರೆ ಅಡ್ಡಿಯಿಲ್ಲ.

ಎರಡು ಹಣ್ಣುಗಳ ಬಗ್ಗೆ ನಿಜವಾದ ಎಚ್ಚರಿಕೆ ಬೇಕು. ಬಿಂಬುಳಿ ಮತ್ತು ಕಮರಾಕ್ಷಿಯಲ್ಲಿ (ಸ್ಟಾರ್ ಫ್ರೂಟ್) ಆಕ್ಸಲೇಟ್ ಅತಿಯಾಗಿದೆ. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿ ರಸವನ್ನು ಗಟ್ಟಿಯಾಗಿ ಕುಡಿದು ಕಿಡ್ನಿ ಕೆಲಸ ನಿಲ್ಲಿಸಿದ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಸಾರಿಗೆ ಹುಳಿಯೆಂದು ಎರಡು ಬಿಂಬುಳಿ ಹಾಕುವುದು ಬೇರೆ, ರಸ ಕುಡಿಯುವುದು ಬೇರೆ. ಕಿಡ್ನಿ ಆಗಲೇ ದುರ್ಬಲವಾಗಿರುವವರು ಕಮರಾಕ್ಷಿಯನ್ನು ಮುಟ್ಟಲೇಬಾರದು. ಅದು ಅವರ ಮಿದುಳಿನ ಮೇಲೂ ದುಷ್ಪರಿಣಾಮ ಬೀರುತ್ತದೆ.

ಮೆಂತ್ಯ, ಕೊತ್ತಂಬರಿಯಲ್ಲಿ ಆಕ್ಸಲೇಟ್ ಪಾಲಕ್‌ಗಿಂತ ಬಹಳ ಕಡಿಮೆ. ಎಲೆಕೋಸು, ಹೂಕೋಸು, ಸೋರೆ, ಹೀರೆ, ಪಡವಲ, ಸೌತೆ, ಬೂದುಗುಂಬಳ ನಿಶ್ಚಿಂತೆಯಿಂದ ತಿನ್ನಿ. ತರಕಾರಿ, ಹಣ್ಣು ಹೆಚ್ಚಿದಷ್ಟೂ ಮೂತ್ರದಲ್ಲಿ ಸಿಟ್ರೇಟ್ ಹೆಚ್ಚುತ್ತದೆ.

ಉಪ್ಪಿಗೂ ಕಲ್ಲಿಗೂ ಏನು ಸಂಬಂಧ?

ಹೆಚ್ಚಾದ ಸೋಡಿಯಂ ಅನ್ನು ಕಿಡ್ನಿ ಹೊರಹಾಕುವಾಗ ಜೊತೆಗೆ ಕ್ಯಾಲ್ಸಿಯಂ ಕೂಡ ಮೂತ್ರಕ್ಕೆ ಹೋಗುತ್ತದೆ. ಊಟದಲ್ಲಿ ಸುಮಾರು 6 ಗ್ರಾಂ ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಸರಿಸುಮಾರು 40 ಮಿಲಿಗ್ರಾಂ ಕ್ಯಾಲ್ಸಿಯಂ ಹೆಚ್ಚುತ್ತದೆ. ಹಾಲು ಕುಡಿದದ್ದರಿಂದ ಕಲ್ಲಾಯಿತು ಎಂದುಕೊಳ್ಳುವವರು ನಿಜವಾಗಿ ನೋಡಬೇಕಾದದ್ದು ಉಪ್ಪಿನ ಡಬ್ಬಿಯನ್ನು.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಅದರಲ್ಲಿ ಅಡುಗೆಯ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಬೇಕರಿಯ ಖಾರಾ ಬನ್, ಚಿಪ್ಸ್, ನೂಡಲ್ಸ್‌ನ ಮಸಾಲೆ ಪೊಟ್ಟಣ, ಒಣಮೀನು ಎಲ್ಲವೂ ಸೇರಬೇಕು. ಕಲ್ಲುಪ್ಪು, ಸೈಂಧವ ಲವಣ, ಕಪ್ಪು ಉಪ್ಪು ಯಾವುದಾದರೂ ಮುಖ್ಯವಾಗಿ ಸೋಡಿಯಂ ಕ್ಲೋರೈಡೇ; ಬದಲಿಸಿದ ಮಾತ್ರಕ್ಕೆ ಲಾಭವಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದರೆ, ಊಟದ ಎಲೆಯಲ್ಲಿ ಪ್ರತ್ಯೇಕ ಉಪ್ಪು ಬಡಿಸಿಕೊಳ್ಳುವುದನ್ನು ಬಿಡಿ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು, ಜೀರಿಗೆ ಹಾಕಿ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಬೇಡ. ಮನೆಮಂದಿಗೆಲ್ಲ ಒಂದೇ ಅಡುಗೆ ಮಾಡಿ ಎಲ್ಲರದೂ ಸ್ವಲ್ಪ ಸ್ವಲ್ಪ ಇಳಿಸಿದರೆ ರಕ್ತದೊತ್ತಡ ಇರುವ ಹಿರಿಯರಿಗೂ ಒಳ್ಳೆಯದಾಗುತ್ತದೆ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ಮಾಂಸ, ಮೀನು, ಮೊಟ್ಟೆ?

ಮಾಂಸದ ಪ್ರೊಟೀನ್ ಹೆಚ್ಚಾದರೆ ಮೂತ್ರದ ಆಮ್ಲೀಯತೆ, ಯೂರಿಕ್ ಆಮ್ಲ, ಕ್ಯಾಲ್ಸಿಯಂ ಹೆಚ್ಚುತ್ತವೆ, ಸಿಟ್ರೇಟ್ ಇಳಿಯುತ್ತದೆ. ನಾಲ್ಕೂ ಕಲ್ಲಿಗೆ ಅನುಕೂಲ. ದಿನಕ್ಕೆ ಒಂದೇ ಹೊತ್ತು, ಅಂಗೈ ಅಗಲದಷ್ಟು ತಿನ್ನುವುದು ಒಂದು ಹದ. ಯೂರಿಕ್ ಆಮ್ಲದ ಕಲ್ಲಿರುವವರು ಈಲಿ, ಕಿಡ್ನಿಯಂತಹ ಒಳ ಅಂಗಗಳನ್ನು ಬಿಟ್ಟು, ಬೂತಾಯಿಯಂತಹ ಮೀನನ್ನು ಮಿತಿಗೊಳಿಸಬೇಕು. ತೊಗರಿ, ಹೆಸರು, ಕಡಲೆಯ ಬಗ್ಗೆ ಇಂಥ ಭಯ ಬೇಡ. ಅನ್ನ, ರೊಟ್ಟಿಯಂಥದ್ದನ್ನು ತೀರಾ ಇಳಿಸಿ ಕೊಬ್ಬನ್ನು ಹೆಚ್ಚಿಸುವ ಕೀಟೋ ಪಥ್ಯ ಹಿಡಿದವರಲ್ಲಿ ಕಲ್ಲಿನ ಅಪಾಯ ಹೆಚ್ಚು; ಹಿಂದೆ ಕಲ್ಲು ಬಂದಿದ್ದರೆ ಅದರ ಗೋಜಿಗೆ ಹೋಗದಿರುವುದೇ ವಾಸಿ.

ನಿಂಬೆಹಣ್ಣು, ಎಳನೀರು ಒಳ್ಳೆಯದೇ?

ಎರಡೂ ಒಳ್ಳೆಯವು. ನಿಂಬೆಯಲ್ಲಿ ಸಿಟ್ರೇಟ್ ಹೇರಳವಾಗಿದೆ. ಎರಡು ನಿಂಬೆಹಣ್ಣಿನ ರಸವನ್ನು ದಿನದ ನೀರಿಗೆ ಹಂಚಿ ಕುಡಿಯಿರಿ. ಅಂಗಡಿಯ ಶರಬತ್ತಿನಲ್ಲಿ ಸಕ್ಕರೆ, ಸೋಡಾದಲ್ಲಿ ಉಪ್ಪು ತುಂಬಿರುತ್ತದೆ, ಅದರಿಂದ ಪ್ರಯೋಜನ ಕಳೆದುಹೋಗುತ್ತದೆ. ಹಲ್ಲು ಜುಮ್ಮೆನ್ನುವವರು ಕುಡಿದ ಮೇಲೆ ಬಾಯಿ ಮುಕ್ಕಳಿಸಲಿ. ಮೂತ್ರದಲ್ಲಿ ಸಿಟ್ರೇಟ್ ತೀರಾ ಕಡಿಮೆ ಇರುವವರಿಗೆ ನಿಂಬೆ ಸಾಲದು, ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಕೊಡುತ್ತಾರೆ.

ಎಳನೀರು ಮೂತ್ರದ ಸಿಟ್ರೇಟ್ ಹೆಚ್ಚಿಸುತ್ತದೆ ಎಂದು ಆರೋಗ್ಯವಂತರ ಮೇಲೆ ನಡೆದ ಸಣ್ಣ ಅಧ್ಯಯನವೊಂದು ತೋರಿಸಿದೆ. ದಿನಕ್ಕೊಂದು ಎಳನೀರು ಕುಡಿಯಬಹುದು. ಕಿಡ್ನಿ ವೈಫಲ್ಯ ಇರುವವರಿಗೆ ಅದರ ಪೊಟ್ಯಾಸಿಯಂ ಅಪಾಯಕಾರಿ.

ಬಾಳೆದಿಂಡಿನ ರಸ, ಹುರಳಿ ಕಟ್ಟು, ಬಾರ್ಲಿ ನೀರು ಕಲ್ಲು ಕರಗಿಸುತ್ತವೆಯೇ?

ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ರಸ, ಕಷಾಯ, ಮಾತ್ರೆ ಯಾವುದೂ ಇಲ್ಲ. 5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ಏನೂ ಮಾಡದಿದ್ದರೂ ತಾವಾಗಿ ಹೊರಬೀಳುತ್ತವೆ. ಆ ದಿನಗಳಲ್ಲಿ ದಿಂಡಿನ ರಸ ಕುಡಿಯುತ್ತಿದ್ದವರು ಅದರಿಂದಲೇ ಹೋಯಿತು ಎಂದು ನಂಬುತ್ತಾರೆ, ನಾಲ್ಕು ಜನರಿಗೆ ಪ್ರೀತಿಯಿಂದ ಹೇಳುತ್ತಾರೆ. ಬಾಳೆದಿಂಡಿನ ಪಲ್ಯ, ಹುರಳಿ ಸಾರು ಒಳ್ಳೆಯ ಆಹಾರ, ಆಹಾರವಾಗಿ ತಿನ್ನಿ. ಬಾರ್ಲಿ ನೀರು ದ್ರವದ ಲೆಕ್ಕಕ್ಕೆ ಸೇರುತ್ತದೆ. 10 ಮಿಲಿಮೀಟರ್ ಕಲ್ಲನ್ನು ಕರಗಿಸುತ್ತೇನೆಂದು ತಿಂಗಳುಗಟ್ಟಲೆ ರಸ ಕುಡಿಯುತ್ತಾ ಕೂರುವುದು ಮಾತ್ರ ಅಪಾಯ. ನೋವು ನಿಂತರೂ ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿದ್ದರೆ ಆ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ.

ಕರಗುವ ಕಲ್ಲು ಎಂದರೆ ಯೂರಿಕ್ ಆಮ್ಲದ್ದು. ವೈದ್ಯರ ನಿಗಾದಲ್ಲಿ ಸಿಟ್ರೇಟ್ ಔಷಧದಿಂದ ಮೂತ್ರದ ಆಮ್ಲೀಯತೆ ಇಳಿಸಿದರೆ ಅದು ನಿಜಕ್ಕೂ ಕರಗುತ್ತದೆ.

ಬಿಯರ್ ಕುಡಿದರೆ ಕಲ್ಲು ಜಾರಿ ಹೋಗುತ್ತದಂತೆ?

ಬೇಡ. ಬಿಯರ್ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಮೂತ್ರ ಹೆಚ್ಚಾಗಬೇಕಾದರೆ ನೀರು ಇದೆ.

ಕಾಫಿ, ಚಹಾ, ತಂಪು ಪಾನೀಯ ಲೆಕ್ಕಕ್ಕೆ ಬರುತ್ತವೆಯೇ?

ಎರಡು ಮೂರು ಲೋಟ ಕಾಫಿ ಅಥವಾ ಹಾಲು ಹಾಕಿದ ಚಹಾದಿಂದ ತೊಂದರೆಯಿಲ್ಲ, ದ್ರವದ ಲೆಕ್ಕಕ್ಕೂ ಸೇರಿಸಿಕೊಳ್ಳಿ. ದಿನವಿಡೀ ಕಡು ಕಪ್ಪು ಚಹಾ ಕುಡಿಯುವವರಿಗೆ ಆಕ್ಸಲೇಟ್ ಹೆಚ್ಚು ಸೇರುತ್ತದೆ. ಸಕ್ಕರೆ ತುಂಬಿದ ಕೋಲಾ ಪಾನೀಯಗಳು ಕಲ್ಲಿನ ಅಪಾಯ ಹೆಚ್ಚಿಸುತ್ತವೆ. ಬಾಯಾರಿಕೆಗೆ ಅವುಗಳನ್ನು ಕುಡಿಯುವ ಅಭ್ಯಾಸ ಬಿಡಿ.

ನೆಲ್ಲಿಕಾಯಿ, ಸೀಬೆಹಣ್ಣಿನ ವಿಟಮಿನ್ ಸಿ ಯಿಂದ ಆಕ್ಸಲೇಟ್ ಹೆಚ್ಚುತ್ತದೆಯೇ?

ಹಣ್ಣಿನಿಂದ ಸಿಗುವ ಪ್ರಮಾಣಕ್ಕೆ ಹೆದರಬೇಡಿ. ದಿನಕ್ಕೆ 1000 ಮಿಲಿಗ್ರಾಂ ಮಾತ್ರೆ ನುಂಗುವುದನ್ನು ನಿಲ್ಲಿಸಿ.

ಏಕಾದಶಿ, ರಂಜಾನ್ ಉಪವಾಸ ಮಾಡಬಹುದೇ?

ಊಟ ಬಿಡುವ ಉಪವಾಸದಲ್ಲಿ ನೀರು, ಮಜ್ಜಿಗೆ, ಎಳನೀರು ಇದ್ದರೆ ಸಮಸ್ಯೆಯಿಲ್ಲ. ನೀರೂ ಇಲ್ಲದ ವ್ರತವನ್ನು ಬೇಸಿಗೆಯಲ್ಲಿ ಮಾಡುವ ಮುಂಚೆ ಯೋಚಿಸಿ. ರಂಜಾನ್‌ನಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ಎರಡೂವರೆ ಮೂರು ಲೀಟರ್ ಹಂಚಿ ಕುಡಿಯಿರಿ, ಕರಿದ ಉಪ್ಪಿನ ತಿಂಡಿ ಕಡಿಮೆ ಮಾಡಿ. ಇತ್ತೀಚೆಗಷ್ಟೇ ಕಲ್ಲಿನ ನೋವು ಬಂದವರು, ಮೂತ್ರನಾಳದಲ್ಲಿ ಸ್ಟೆಂಟ್ (ಮೂತ್ರ ಹರಿಯಲೆಂದು ಇಡುವ ತೆಳು ಕೊಳವೆ) ಇರುವವರು ವೈದ್ಯರನ್ನು ಕೇಳಿಯೇ ಉಪವಾಸ ಹಿಡಿಯಲಿ. ಅನಾರೋಗ್ಯ ಇರುವವರಿಗೆ ಧರ್ಮವೂ ವಿನಾಯಿತಿ ಕೊಟ್ಟಿದೆ.

ಗಲ್ಫ್‌ಗೆ ಕೆಲಸಕ್ಕೆ ಹೋದ ಮೇಲೆ ಕಲ್ಲು ಬಂತು. ಏಕೆ?

ಬಿಸಿಲು, ಬೆವರು, ಸಾಲದ ನೀರು. ಕರಾವಳಿಯಿಂದ ಹೋದವರು ಇದೇ ಮಾತನ್ನು ಹೇಳುತ್ತಿರುತ್ತಾರೆ. ಒಣ ಹವೆಯಲ್ಲಿ ಬೆವರು ತಕ್ಷಣ ಆರಿಹೋಗುವುದರಿಂದ ಎಷ್ಟು ನೀರು ಕಳೆದುಹೋಯಿತು ಎಂದೇ ತಿಳಿಯುವುದಿಲ್ಲ. ಬಾಯಾರಿಕೆಗೆ ಕಾಯದೆ ಹೊತ್ತು ನೋಡಿ ಕುಡಿಯಬೇಕು. ಮಾಂಸದ ಊಟ ಹೆಚ್ಚಾಗಿ ತರಕಾರಿ ಕಡಿಮೆಯಾಗಿದ್ದರೆ ಅದನ್ನೂ ಸರಿಪಡಿಸಿಕೊಳ್ಳಿ.

ಮಕ್ಕಳಿಗೂ ಬರುತ್ತದೆಯೇ?

ಬರುತ್ತದೆ. ಶಾಲೆಯ ಬಾಟಲಿ ಸಂಜೆ ತುಂಬಿಯೇ ಮನೆಗೆ ಮರಳುತ್ತಿದ್ದರೆ ವಿಚಾರಿಸಿ. ಅನೇಕ ಮಕ್ಕಳು ಶೌಚಾಲಯಕ್ಕೆ ಹೆದರಿ ನೀರು ಬಿಡುತ್ತಾರೆ. ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ 2019ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾಯಿತು. ನಮ್ಮ ಪ್ರತಿ ಶಾಲೆಯಲ್ಲೂ ಅದು ಇರಬೇಕು. ಮಗುವಿಗೆ ಕಲ್ಲು ಕಂಡರೆ ಕಾರಣವನ್ನು ಪೂರ್ತಿ ಪರೀಕ್ಷಿಸಲೇಬೇಕು, ವಂಶವಾಹಿ ದೋಷಗಳು ಹಲವು ಸಲ ಹೀಗೆಯೇ ಪತ್ತೆಯಾಗುತ್ತವೆ. ಮಕ್ಕಳಿಗೆ ಹಾಲು ಬಿಡಿಸಬೇಡಿ.

ನನ್ನದು ಯಾವ ಬಗೆಯ ಕಲ್ಲು ಎಂದು ತಿಳಿಯುವುದು ಹೇಗೆ?

ಕಲ್ಲು ಹೋಗುವ ನಿರೀಕ್ಷೆ ಇರುವಾಗ ಟೀ ಸೋಸುವ ಜಾಲರಿಯನ್ನು ಅದಕ್ಕೆಂದೇ ಇಟ್ಟುಕೊಂಡು ಮೂತ್ರ ಸೋಸಿ. ಸಿಕ್ಕ ಕಲ್ಲನ್ನು ಒಣಗಿಸಿ ಪ್ರಯೋಗಾಲಯಕ್ಕೆ ಕೊಡಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕಲ್ಲನ್ನೂ ಕೇಳಿ ಪರೀಕ್ಷೆ ಮಾಡಿಸಿ. ಮತ್ತೆ ಮತ್ತೆ ಕಲ್ಲು ಬರುವವರಿಗೆ 24 ಗಂಟೆಯ ಮೂತ್ರದ ಪರೀಕ್ಷೆ, ರಕ್ತದ ಕ್ಯಾಲ್ಸಿಯಂ, ಯೂರಿಕ್ ಆಮ್ಲದ ಪರೀಕ್ಷೆ ಬೇಕು. ಅದರ ಫಲಿತಾಂಶ ನೋಡಿದ ಮೇಲೆ, ಮೇಲಿನ ಸಲಹೆಗಳಲ್ಲಿ ಯಾವುದಕ್ಕೆ ಹೆಚ್ಚು ಒತ್ತು ಎಂದು ವೈದ್ಯರು ಹೇಳಬಲ್ಲರು.

ಹೆಚ್ಚು ನೀರು ಯಾರಿಗೆ ಒಳ್ಳೆಯದಲ್ಲ?

ಹೃದಯ ವೈಫಲ್ಯ, ಮುಂದುವರಿದ ಕಿಡ್ನಿ ಕಾಯಿಲೆ, ಡಯಾಲಿಸಿಸ್, ಕಾಲು ಊದುವ ತೊಂದರೆ ಇರುವವರಿಗೆ. ಅವರ ನೀರಿನ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ನೋವು ಶುರುವಾದಾಗ ತುಂಬಾ ನೀರು ಕುಡಿದು ಕಲ್ಲನ್ನು ತಳ್ಳಬಹುದೇ?

ಆಗುವುದಿಲ್ಲ. ನಾಳ ಕಟ್ಟಿರುವಾಗ ಬಲವಂತವಾಗಿ ನೀರು ಕುಡಿದರೆ ಹಿಂದಿನ ಒತ್ತಡ ಹೆಚ್ಚಿ ನೋವೂ ವಾಂತಿಯೂ ಹೆಚ್ಚಬಹುದು. ಬಾಯಾರಿಕೆಗೆ ತಕ್ಕಷ್ಟು ಕುಡಿದು ವೈದ್ಯರ ಬಳಿ ಹೋಗಿ. ಔಷಧ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಗಟ್ಟಲೆ ನುಂಗಬೇಡಿ, ಅವುಗಳಲ್ಲಿ ಹಲವು ಕಿಡ್ನಿಗೇ ಹಾನಿ ಮಾಡುತ್ತವೆ. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ವಾಂತಿಯಿಂದ ನೀರೂ ನಿಲ್ಲದಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಒಂದೇ ಕಿಡ್ನಿ ಇರುವವರಾಗಿದ್ದರೆ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಸೋಂಕು ಸೇರಿದ ಕಟ್ಟಿದ ಕಿಡ್ನಿ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ತರಬಲ್ಲದು.